ಜಗಲಿಯ ಮೇಲೆ ಓದಬಾರದ ಕಾಗದ

ತಗಡೂರು
12-8-2001

ಸಮಾನ ತಂಗಿ ಕೋಮಲಾ,

‘ಚಿರಂಜೀವಿ ಸೌಭಾಗ್ಯವತಿ’ ಎಂದು ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಆ ಎರಡು ಮಾತಿನಲ್ಲಿ ಒಂದು ಹೆಣ್ಣಿನ ಬದುಕನ್ನೆಲ್ಲ ಇನ್ನೂ ಕಾಣದ ಗಂಡನೊಬ್ಬನ ಕೊರಳಿಗೆ ಕಟ್ಟಿಬಿಡುತ್ತಾರೆ. ಇನ್ನು ಮುಂದೆ ನೀನು ನನ್ನ ಸಮಾನ ತಂಗಿ. ನೀನೂ ನನ್ನನ್ನು ‘ಪೂಜ್ಯ ಅಣ್ಣ’ ಎನ್ನಬೇಡ.

ಚಿಕ್ಕಮ್ಮನ ಆರೈಕೆಗೆಂದು ನೀನು ನರಸೀಪುರಕ್ಕೆ ಹೋಗಿ ಹತ್ತು ದಿನವಾಯಿತು. ಚಿಕ್ಕಮ್ಮನ ಕಾಲು ಹೇಗಿದೆ? ಹೊಳೆಯ ಮೆಟ್ಟಿಲ ಮೇಲೆ ಜಾರಿದ್ದು ಚಿಕ್ಕಮ್ಮ, ಬಿದ್ದದ್ದು ನನ್ನ ಸಂಜೆ ಶಾಲೆ. ನೀನಿದ್ದಾಗ ನಮ್ಮ ಬೀದಿಯ ಹನ್ನೊಂದು ಹೆಂಗಸರು ಸ್ಲೇಟು ಹಿಡಿದು ಬರುತ್ತಿದ್ದರು. ಈಗ ಮೂವರು. ಗಂಡಸೊಬ್ಬನೇ ಹೇಳಿಕೊಡುವ ಕಡೆಗೆ ಹೇಗೆ ಹೋಗುವುದು ಎನ್ನುತ್ತಾರಂತೆ. ಉಳಿದ ಮೂವರಲ್ಲಿ ಒಬ್ಬಳು ಅವ್ವ. ಅವಳೂ ತಾನು ವಿದ್ಯಾರ್ಥಿಯಲ್ಲ ಎನ್ನುತ್ತಾಳೆ. ಹಿಂದೆ ಗೋಡೆಗೆ ಒರಗಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂರುತ್ತಾಳೆ. ಸ್ಲೇಟು ಕೊಡಲು ಹೋದರೆ, “ಎತ್ತ ಮಗನ ಕೈಲಿ ಬೈಸ್ಕೊಂಡು ಅಕ್ಸರ ಕಲೀಬೇಕಾ? ನಾ ಸುಮ್ಕೆ ಕುಂತಿವ್ನಿ, ನೀ ಏಳ್ಕೊಡಪ್ಪ ನಿನ್ ಪಾಡ್ಗೆ” ಎಂದಳು. ನನ್ನ ಹಳೆಯ ಕರಪತ್ರಗಳನ್ನೆಲ್ಲ ಮಡಕೆಗಳ ಬಾಯಿ ಮುಚ್ಚಲು ಇಟ್ಟುಕೊಂಡಿದ್ದಾಳೆ. ಕ್ರಾಂತಿಯ ಮೇಲೆ ಹುರುಳಿ ಸಾರಿನ ಕಲೆ.

ನಿನ್ನ ಕಾಗದ ಬಂದರೆ ಎಂದಿನಂತೆ ಸಂಜೆ ಜಗಲಿಯ ಮೇಲೆ ಎಲ್ಲರಿಗೂ ಓದಿ ಹೇಳುತ್ತೇನೆ. ಅಪ್ಪ, ಅವ್ವ, ಎದುರು ಮನೆಯ ಜವರಯ್ಯ ತಾತ, ರಾಚಯ್ಯ ಮಾವ ಎಲ್ಲ ಕಾದಿದ್ದಾರೆ. ನಮ್ಮ ಬೀದಿಗೆ ಬಂದ ಕಾಗದ ಒಂದು ಮನೆಯದಲ್ಲ, ಇಡೀ ಬೀದಿಯದು. ಈ ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಮುಚ್ಚುಮರೆ ಇಲ್ಲದ ಸಮಾಜ ಇಲ್ಲಿಂದಲೇ ಶುರುವಾಗಬೇಕು.

ಇನ್ನೊಂದು ಮಾತು. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಸೆಂಟರ್ ತೆರೆದಿದ್ದಾರಂತೆ. ಅಲ್ಲಿ ಮನುಷ್ಯನ ಬದಲು ಒಂದು ಪೆಟ್ಟಿಗೆ ಪಾಠ ಹೇಳುತ್ತದಂತೆ. ಸ್ವಾತಂತ್ರ್ಯಕ್ಕಾಗಿ ಜೈಲು ಕಂಡ ಊರಿನವರು ನಾವು, ಪೆಟ್ಟಿಗೆಗೆ ತಲೆಬಾಗಬೇಕೆ? ನನ್ನ ಹೊಸ ಕರಪತ್ರ ‘ಎಚ್ಚರ! ಯಂತ್ರ ಗುರುವಾಗಿ ಬರುತ್ತಿದೆ’ ಹತ್ತು ಪ್ರತಿ ಇಟ್ಟಿದ್ದೇನೆ. ಆ ಸೆಂಟರಿನ ಬಾಗಿಲಲ್ಲೇ ನಿಂತು ಹಂಚು.

ದೀಪಾವಳಿಗೆ ಬಂದುಬಿಡು. ಶಾಲೆ ನಿನ್ನನ್ನು ಕಾಯುತ್ತಿದೆ.

ನಿನ್ನ ಸಮಾನ ಅಣ್ಣ,
ನಟರಾಜ್


ತಿ. ನರಸೀಪುರ
30-8-2001

ಅಣ್ಣಾ,

‘ಸಮಾನ ಅಣ್ಣ’ ಎಂದು ಬರೆದು ನೋಡಿದೆ. ಸಂಘದ ನೋಟಿಸಿನ ಹಾಗೆ ಕಂಡಿತು. ಬರೀ ಅಣ್ಣ ಸಾಕು.

ಚಿಕ್ಕಮ್ಮನ ಕಾಲಿಗೆ ಸಿಮೆಂಟು ಹಾಕಿದ್ದಾರೆ, ಬಾಯಿಗೆ ಹಾಕಿಲ್ಲ. ಮಂಚದಲ್ಲಿ ಮಲಗಿಕೊಂಡೇ ಸೌಟಿನಿಂದ ತಟ್ಟೆ ಬಡಿಯುತ್ತಾಳೆ. ಒಂದು ಏಟು ಎಂದರೆ ನೀರು, ಎರಡು ಎಂದರೆ ಎಲೆ ಅಡಿಕೆ, ಬಿಡದೆ ಬಡಿದರೆ ಸಾರು ಸೀಯುತ್ತಿದೆ ಎಂದು ಅರ್ಥ. ಚಿಕ್ಕಪ್ಪ ಪಟ್ಟಣ ಪಂಚಾಯಿತಿಯಲ್ಲಿ ನೀರು ಬಿಡುವವನಲ್ಲವೆ, ದಾರಿಯಲ್ಲಿ ಹೆಂಗಸರೆಲ್ಲ “ಚಾಮಯ್ಯೋರೇ, ನಮ್ ಬೀದಿ ಮರ್ತ್ಬುಟ್ರಾ?” ಎಂದು ಹಿಡಿದು ನಿಲ್ಲಿಸುತ್ತಾರೆ. ಮನೆಗೆ ಬಂದರೆ ತಟ್ಟೆಯ ಸದ್ದು. ಪಾಪ, ಹೆಚ್ಚು ಹೊತ್ತು ಹೊಳೆಯ ದಂಡೆಯಲ್ಲೇ ಇರುತ್ತಾನೆ. ನೀನು ನಂಜನಗೂಡಿನ ಬಾಳೆ ಮಂಡಿಯಲ್ಲಿ ಗೊನೆ ಇಳಿಸಿ ಕೈ ತೊಳೆಯುವ ಕಪಿಲೆ ನೀರು ಇಲ್ಲಿಗೇ ಬಂದು ಕಾವೇರಿ ಸೇರುತ್ತದೆ, ಗೊತ್ತಾ? ನಿನ್ನ ಕಾಗದಕ್ಕಿಂತ ಬೇಗ ಬರುತ್ತದೆ.

ಕರಪತ್ರ ಹಂಚಿದೆ. ಸೆಂಟರಿನ ಬಾಗಿಲಲ್ಲೇ ನಿಂತೆ, ನೀನು ಹೇಳಿದ ಹಾಗೆ. ಅಲ್ಲಿ ಪಾಠ ಹೇಳುವುದು ಪೆಟ್ಟಿಗೆಯಲ್ಲ, ಶಿವರಂಜನಿ ಮೇಡಂ. ಅವರೇ ಹೊರಗೆ ಬಂದು ಒಂದು ಪ್ರತಿ ತೆಗೆದುಕೊಂಡು ನಿಂತಲ್ಲೇ ಪೂರ್ತಿ ಓದಿದರು. “ಚೆನ್ನಾಗ್ ಬರ್ದಿದ್ದಾರೆ. ಬರ್ದೋರು ಕಂಪ್ಯೂಟರ್ ನೋಡಿದಾರೇನಮ್ಮ?” ಎಂದರು. ಇಲ್ಲ ಮೇಡಂ, ನಮ್ಮಣ್ಣ ಎಂದೆ. “ಹಂಗಾದ್ರೆ ಅವರ ಪರವಾಗಿ ನೀನಾದ್ರೂ ನೋಡು ಬಾ” ಎಂದು ಒಳಗೆ ಕರೆದರು.

ಅಣ್ಣಾ, ಇಲ್ಲಿಂದ ಮುಂದಿನದು ಅವ್ವನಿಗೆ. ಬಿಡಿಸಿ ಓದಿ ಹೇಳು.

ಅವ್ವಾ, ನನಗೆ ಆ ಕಲಿಕೆ ಬೇಕು. ಆರು ತಿಂಗಳ ಕೋರ್ಸು. ಮಧ್ಯಾಹ್ನ ಚಿಕ್ಕಮ್ಮ ಮಲಗಿದಾಗ ಎರಡು ಗಂಟೆ. ಫೀಸಿನ ಬದಲು ಬೆಳಿಗ್ಗೆ ಸೆಂಟರಿನ ಬಾಗಿಲು ತೆಗೆದು, ಬಂದವರಿಗೆ ಅರ್ಜಿ ತುಂಬಿಕೊಟ್ಟರೆ ಸಾಕು ಎಂದಿದ್ದಾರೆ ಮೇಡಂ. ಆದರೆ ದೀಪಾವಳಿಗೆ ವಾಪಸು ಬರಲು ಆಗುವುದಿಲ್ಲ, ಯುಗಾದಿಯವರೆಗೆ ಇಲ್ಲೇ ಇರಬೇಕು. ನೀನು ಹೂಂ ಎಂದರೆ ಸೇರುತ್ತೇನೆ.

ಕೋಮಲ


ತಗಡೂರು
10-9-2001

ಸಮಾನ ತಂಗಿ ಕೋಮಲಾ,

ಕಾಗದ ಓದಿದೆ. ಜಗಲಿ ತುಂಬಿತ್ತು. ತಟ್ಟೆ ಬಡಿಯುವ ಸುದ್ದಿಗೆ ಜವರಯ್ಯ ತಾತ ನಕ್ಕು ನಕ್ಕು ಕೆಮ್ಮಿ, ರಾಚಯ್ಯ ಮಾವ ಬೆನ್ನಿಗೆ ಗುದ್ದಬೇಕಾಯಿತು.

ಕಂಪ್ಯೂಟರಿನ ವಿಚಾರಕ್ಕೆ ಅವ್ವ ಏನೂ ಹೇಳಲಿಲ್ಲ. ಒಂದು ಮಾತೂ ಇಲ್ಲ. ಅದರ ಅರ್ಥ ನಿನಗೇ ಗೊತ್ತಾಗಬೇಕು.

ನಿನ್ನ ಮೇಡಂಗೆ ನನ್ನ ಉತ್ತರ ತಿಳಿಸು: ಹಾವು ಕಚ್ಚಿಸಿಕೊಂಡವನೇ ಹಾವಿನ ಬಗ್ಗೆ ಬರೆಯಬೇಕು ಎಂಬ ಕಾನೂನಿಲ್ಲ. ಕಲಿಕೆ ಎಂದರೆ ಮುಖಕ್ಕೆ ಮುಖ ಕೊಟ್ಟು ಕೂರುವುದು. ನಾನು ‘ಅ’ ಬರೆದು ಕೈ ಹಿಡಿದು ತಿದ್ದಿಸುವಾಗ ಆ ಕೈಯ ಬಿಸಿ ನನಗೆ ಗೊತ್ತಾಗುತ್ತದೆ. ಗಾಜಿನ ಪರದೆಗೆ ಏನು ಗೊತ್ತಾಗುತ್ತದೆ? ಇಂದು ಅಕ್ಷರ ಯಂತ್ರದಿಂದ ಬರುತ್ತದೆ, ನಾಳೆ ಅಣ್ಣ ತಂಗಿಯರ ಮಾತೂ ಯಂತ್ರದಿಂದಲೇ ಬರುತ್ತದೆ. ಆಗ ಮನುಷ್ಯರ ನಡುವೆ ಕೂತವನು ಏನನ್ನು ದಾಟಿಸುತ್ತಾನೋ ಏನನ್ನು ನುಂಗುತ್ತಾನೋ ಯಾರು ಕೇಳುವವರು? ಈ ಸಾಲು ಬರೆಯುವಾಗಲೇ ಚೆನ್ನಾಗಿದೆ ಅನಿಸಿತು. ಮುಂದಿನ ಕರಪತ್ರಕ್ಕೆ ಎತ್ತಿಟ್ಟಿದ್ದೇನೆ.

ಶಾಲೆಗೆ ಈಗ ಒಬ್ಬಳೇ. ಮತ್ತೆ ಅವ್ವ, ಅಕ್ಕಿಯ ಜೊತೆ.

ನಟರಾಜ್


ತಿ. ನರಸೀಪುರ
7-10-2001

ಅಣ್ಣಾ,

ಅವ್ವ ಒಂದು ಮಾತೂ ಆಡಲಿಲ್ಲವೆ? ಕೋಳಿಗೆ ಕಾಳು ಎರಚುವಾಗಲೂ ಕೋಳಿಯ ಜೊತೆ ವಾದ ಮಾಡುವ ನಮ್ಮವ್ವ? ಅವಳು ಸುಮ್ಮನಾಗುವುದು ನಿಜವಾಗಿ ನೊಂದಾಗ ಮಾತ್ರ. ನಿನ್ನ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ. ಚಿಕ್ಕಮ್ಮ ತಟ್ಟೆ ಬಡಿಯುವುದನ್ನೂ ನಿಲ್ಲಿಸಿ, “ಯಾಕಮ್ಮಿ, ಮೊಕ ಇಂಗೆ ಮಾಡ್ಕಂಡಿದ್ದೀಯ?” ಎಂದು ಕೇಳಿದಳು. ಹೇಳಿದೆ. “ಓಗು ಸೇರ್ಕೊ. ನಿಮ್ಮವ್ವಂಗೆ ನಾ ಜವಾಬು ಏಳ್ತೀನಿ” ಎಂದಳು.

ಸೇರಿಬಿಟ್ಟೆ ಅಣ್ಣಾ. ಅಕ್ಟೋಬರ್ ಒಂದರಿಂದ. ಅವ್ವನ ಹೂಂ ಇಲ್ಲದೆ ನಾನು ಮಾಡಿದ ಮೊದಲ ಕೆಲಸ ಇದು.

ಅಲ್ಲಿ ಹೇಗಿದೆ ಹೇಳುತ್ತೇನೆ ಕೇಳು. ನಾಲ್ಕು ಕಂಪ್ಯೂಟರ್, ಒಂದು ಕೆಟ್ಟಿದೆ. ಹದಿನಾರು ಜನ ನಾವು. ಮಧ್ಯಾಹ್ನ ಕರೆಂಟು ಹೋಗುವುದೇ ಹೆಚ್ಚು. ಆಗ ಮೇಡಂ ಎಲ್ಲರಿಗೂ ಒಂದೊಂದು ರಟ್ಟು ಕೊಡುತ್ತಾರೆ. ಅದರ ಮೇಲೆ ಕೀಬೋರ್ಡಿನ ಮನೆಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾರೆ. ಕಿಟಕಿ ಬೆಳಕಿನಲ್ಲಿ ಹದಿನಾರು ಜನ ರಟ್ಟಿನ ಮೇಲೆ ಟಕ್ಕು ಟಕ್ಕು ಎಂದು ಬೆರಳಾಡಿಸುತ್ತೇವೆ. ಮೇಡಂ ಹಿಂದೆ ಬಂದು ನಿಂತು, “ಇದೇನು, ರಾಗಿ ಕಲ್ಲು ಬೀಸ್ತಿದೀಯಾ? ಮೆತ್ತಗೆ” ಎಂದು ನನ್ನ ಬೆರಳು ಹಿಡಿದು ಸರಿಯಾದ ಮನೆಯ ಮೇಲೆ ಇಡುತ್ತಾರೆ. ಅವರ ಕೈ ಬಿಸಿಯಾಗಿಯೇ ಇರುತ್ತದೆ, ನಿನ್ನ ಮಾಹಿತಿಗೆ.

ಇದನ್ನೆಲ್ಲ ಅವ್ವನಿಗೆ ಓದಿ ಹೇಳು, ಯುಗಾದಿಯವರೆಗೆ ಇರಲೇ ಎಂದು ಇನ್ನೊಂದು ಸಲ ಕೇಳು. ಒಂದು ಅಕ್ಷರ ಬಿಡಬೇಡ. ಬೈದರೂ ಸರಿ, ಬೈದದ್ದನ್ನು ಹಾಗೇ ಬರೆ. ಅವ್ವನ ಬೈಗುಳವಾದರೂ ಬರಲಿ.

ಕೋಮಲ


ತಗಡೂರು
4-11-2001

ಕೋಮಲಾ,

ಮಂಡಿಯಲ್ಲಿ ಲೋಡು ಜಾಸ್ತಿ, ಬರೆಯಲು ತಡವಾಯಿತು.

ಅವ್ವ ಬೇಸರ ಮಾಡಿಕೊಂಡಿದ್ದಾಳೆ. ದೀಪಾವಳಿಗೆ ಬಂದು ಇಲ್ಲೇ ಉಳಿಯಬೇಕು ಎನ್ನುತ್ತಾಳೆ. ಅಷ್ಟೇ.

ನಿನ್ನ ಅಕ್ಷರ ಬರಬರುತ್ತಾ ಕೋಳಿ ಕೆರೆದ ಹಾಗಾಗಿದೆ. ಮೊನ್ನೆ ಜಗಲಿಯಲ್ಲಿ ಜವರಯ್ಯ ತಾತ, “ಎರಡಾಳೆ ತುಂಬ ಬರ್ದವ್ಳೆ ಕೂಸು, ನೀನು ಒಂದೇ ಉಸ್ರಲ್ಲಿ ಮುಗಿಸ್ಬುಟ್ಯಲ್ಲ” ಎಂದ. ಏನು ಮಾಡಲಿ, ಎಷ್ಟೋ ಕಡೆ ಓದಲಿಕ್ಕೇ ಆಗುವುದಿಲ್ಲ ಎಂದೆ. ಅವ್ವ ಆ ಹಾಳೆ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟಳು.

ಶಾಲೆಗೆ ಈಗ ಒಬ್ಬರೂ ಬರುವುದಿಲ್ಲ. ಅವ್ವನೊಬ್ಬಳೇ ಬಂದು ಕೂರುತ್ತಾಳೆ. ನಾನು ಖಾಲಿ ಗೋಡೆಗೆ ಪಾಠ ಹೇಳುತ್ತೇನೆ.

ನಟರಾಜ್


ತಿ. ನರಸೀಪುರ
25-11-2001

ಅವ್ವಾ,

ನಾನು ಕೋಮಲ. ಇದು ನಾನೇ ಕಂಪ್ಯೂಟರಿನಲ್ಲಿ ಹೊಡೆದ ಮೊದಲ ಕಾಗದ.

ನನಗೆ ಇಲ್ಲಿ ಕಲಿಯುವ ಆಸೆ. ಯುಗಾದಿ ತನಕ ಇರಲಾ? ಇದನು ನಿನಗೆ ಮೂರನೆಯ ಸಲ ಕೇಳುತಾ ಇದೀನಿ. ಮೊದಲ ಸಲ ನೀನು ಮಾತೇ ಆಡಲಿಲ್ಲ. ಎರಡನೆಯ ಸಲ ಬೇಸರ ಮಾಡಿಕೊಂಡೆ.

ನೀನು ಬೇಡ ಅಂದರೆ ನಾಳೆಯೇ ಬರುವೆ. ಆದರೆ ನೀನೇ ಹೇಳು, ಅವ್ವಾ.

ಕೋಮಲ

(ಅಣ್ಣಾ, ಪೆನ್ನಿನಲ್ಲಿ ಬರೆದ ಈ ಸಾಲುಗಳು ನಿನಗೆ. ನನ್ನ ಅಕ್ಷರ ನಿನಗೆ ತೊಂದರೆ ಕೊಡುತ್ತದೆ ಎಂದು ಹೀಗೆ ದೊಡ್ಡದಾಗಿ ಪ್ರಿಂಟು ತೆಗೆದಿದ್ದೇನೆ. ಹೆಬ್ಬೆರಳಿನಷ್ಟು ಅಕ್ಷರ! ಒತ್ತಕ್ಷರ ಹುಡುಕುವುದರಲ್ಲೇ ಹೊತ್ತು ಹೋಗುವುದರಿಂದ ಆದಷ್ಟು ಸುಲಭದ ಮಾತು ಹಾಕಿದ್ದೇನೆ. ಪ್ರಿಂಟರ್ ಕೀರ್ ಕೀರ್ ಎಂದು ಒಂದೊಂದೇ ಸಾಲು ಹೊರಗೆ ಬಿಡುವಾಗ ಇಡೀ ಕ್ಲಾಸು ಎದ್ದು ಬಂದು ನೋಡಿತು. ದೀಪಾವಳಿಗೆ ಬರಲಿಲ್ಲ. ಅವ್ವನ ಮುಖ ನೋಡುವ ಧೈರ್ಯ ಇರಲಿಲ್ಲ.)


ತಗಡೂರು
3-12-2001

ಕೋಮಲಾ,

ಈ ಕಾಗದದಲ್ಲಿ ಒಂದು ಅಕ್ಷರವನ್ನೂ ಬಿಡುವುದಿಲ್ಲ.

ಶನಿವಾರ ನಂಜನಗೂಡಿನ ಪ್ರೆಸ್ಸಿನಿಂದ ಹೊಸ ಕರಪತ್ರದ ಕಟ್ಟು ಹೊತ್ತುಕೊಂಡು ಸಂಜೆ ಬಸ್ಸಿಗೆ ಬಂದೆ. ಬೀದಿಯ ತುದಿಯಿಂದಲೇ ನೋಡಿದರೆ ನಮ್ಮ ಜಗಲಿ ತುಂಬಿದೆ. ಎಲ್ಲರೂ ಮುಂದಕ್ಕೆ ಬಾಗಿ ಕೂತಿದ್ದಾರೆ. ನಡುವೆ ಅವ್ವ, ತೊಡೆಯ ಮೇಲೆ ನಾನಿಲ್ಲದಾಗ ಅಂಚೆಯಲ್ಲಿ ಬಂದಿದ್ದ ನಿನ್ನ ಹಾಳೆ. ಅವಳ ಬೆರಳು ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತಿತ್ತು, ಕೆಸರಿನಲ್ಲಿ ಹೆಜ್ಜೆ ಕಿತ್ತು ಇಡುವವರ ಹಾಗೆ. “ನಾ… ನು… ಕೋ… ಮ… ಲ.”

ಓದುತ್ತಿದ್ದಳು, ಕೋಮಲಾ. ನಮ್ಮವ್ವ ಓದುತ್ತಿದ್ದಳು! ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಬೆನ್ನ ಹಿಂದೆಯೇ ಎಲ್ಲವನ್ನೂ ಕಲಿತುಬಿಟ್ಟಿದ್ದಾಳೆ. ನಾನು ಕಟ್ಟು ಹಿಡಿದುಕೊಂಡೇ ಬೀದಿಯಲ್ಲಿ ನಿಂತೆ. ಕಣ್ಣು ತುಂಬಿತು. ನನ್ನ ಶಾಲೆ ಗೆದ್ದಿತು ಎಂದುಕೊಂಡೆ. ಆ ಸಂತೋಷ ಎರಡು ನಿಮಿಷ ಇತ್ತು.

“ಮೂ… ರ… ನೆ… ಯ… ಸಲ.” ಅವ್ವ ನಿಂತಳು. ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

“ಲೋ ನಟ, ಮೂರ್ನೇ ಸಲ ಕೇಳ್ತಾ ಇವ್ನಿ ಅಂತ ಬರ್ದವ್ಳೆ. ಮೊದಲ್ನೇದು ಎರಡ್ನೇದು ಎಲ್ಲೋದೋ?”

ಜವರಯ್ಯ ತಾತನಿಗೆ ಇಷ್ಟು ಸಾಕಾಯಿತು. “ನಾ ಅವತ್ತೇ ಏಳ್ನಿಲ್ವಾ ಸಾಕಮ್ಮ? ಎರಡಾಳೆ ಕಾಗ್ದನ ಇವ್ನು ನಾನೊಂದು ಬೀಡಿ ಸೇದಾಷ್ಟ್ರಲ್ಲಿ ಮುಗಿಸ್ತಿದ್ದ!”

ನಿನ್ನ ಮಾತನ್ನು ನಾನು ಅವ್ವನಿಗೆ ಓದಲೇ ಇಲ್ಲ, ಕೋಮಲಾ. ಎರಡು ಸಲವೂ. ‘ಅವ್ವ ಏನೂ ಹೇಳಲಿಲ್ಲ’ ಎಂದು ಬರೆದೆನಲ್ಲ, ಕೇಳದವಳು ಏನು ಹೇಳಿಯಾಳು? ಬೇಸರ ಮಾಡಿಕೊಂಡಳು ಎಂದದ್ದಂತೂ ಪೂರ್ತಿ ಸುಳ್ಳು. ನಿನ್ನ ಅಕ್ಷರ ಮುತ್ತಿನ ಹಾಗಿದೆ. ಕೋಳಿ ಕೆರೆದ ಹಾಗಿದೆ ಎಂದದ್ದೂ ಸುಳ್ಳು.

ಶಾಲೆಗೆ ಕೋಮಲ ಬೇಕಾಗಿತ್ತು ಅವ್ವ, ಎಂದೆ. ಅವಳಿಲ್ಲದೆ ಹೆಂಗಸರು ಬರುವುದಿಲ್ಲ, ಎಲ್ಲರ ಒಳಿತಿಗೆ ಎಂದೆ.

“ನಿನ್ ಸ್ಕೂಲಿನ ಒಳ್ಳೇದ್ಕೆ ನನ್ ಮಗಳ ಮಾತು ನುಂಗ್ಬೇಕಾಗಿತ್ತೇನ್ಲಾ?” ಎಂದಳು ಅವ್ವ. ಕೂಗಲಿಲ್ಲ. ಕೂಗಿದ್ದರೆ ವಾಸಿಯಾಗಿತ್ತು. ಆಮೇಲೆ ನನ್ನ ಕಂಕುಳಲ್ಲಿದ್ದ ಕಟ್ಟಿನ ಕಡೆ ಬೆರಳು ತೋರಿಸಿ ದಪ್ಪ ಅಕ್ಷರವನ್ನು ತಡೆಯಿಲ್ಲದೆ ಓದಿದಳು: “ಎಚ್ಚರ! ಇದು ನಂಗೆ ಮೊದ್ಲೇ ಬತ್ತಿತ್ತು ಕಣ್ಲಾ. ಎಸರಿನ ಮಡಕೆ ಮುಚ್ಚೋವಾಗ್ಲೆಲ್ಲ ಇದೇ ಕಣ್ಗೆ ಬೀಳ್ತಿತ್ತು. ಯಾರ್ ಬಗ್ಗೆ ಎಚ್ಚರ ಅನ್ನೋದು ಇವತ್ತು ತಿಳೀತು.”

ಜಗಲಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ? ನಗದೆ ಇದ್ದವನು ಅಪ್ಪ ಒಬ್ಬನೇ. ಕಂಬಕ್ಕೆ ಒರಗಿ ಕೂತಿದ್ದವನು, “ಬೀದೀಗೆಲ್ಲ ಓದೋನು ಒಬ್ನೇ ಇದ್ರೆ ಇಂಗೇ ಆಗೋದು” ಎಂದ. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ. ನಾನು ಬರೆದ ಏಳು ಕರಪತ್ರದಲ್ಲಿ ಇಂಥ ಒಂದು ಸಾಲಿಲ್ಲ. ಮುಚ್ಚುಮರೆ ಇಲ್ಲದ ಸಮಾಜ ಎಂದು ಮೊದಲ ಕಾಗದದಲ್ಲೇ ನಿನಗೆ ಉಪದೇಶ ಮಾಡಿದ್ದೆ. ಮನುಷ್ಯರ ನಡುವೆ ಕೂತು ನುಂಗುವವನು ಎಂದು ಪೆಟ್ಟಿಗೆಯನ್ನು ಬೈದೆ. ನುಂಗಿದವನು ಪೆಟ್ಟಿಗೆಯಲ್ಲ.

ಮರುದಿನ ಸಂಜೆ ಶಾಲೆಯ ಬಾಗಿಲು ತೆಗೆಯಲು ಹೋದರೆ ಅವ್ವ ಆಗಲೇ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಕ್ಕಿಯ ಮೊರ ಇರಲಿಲ್ಲ, ಸ್ಲೇಟು ಇತ್ತು. ಹಿಂದೆ ಏಳು ಜನ ಹೆಂಗಸರು. “ಎಂಗ್ಸ್ರು ಬರ್ಬೇಕು ಅಂದ್ರೆ ಕೋಮಲನೇ ಬೇಕಾ? ನಾನೇನು ಗಂಡ್ಸಾ?” ಎಂದಳು.

ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಬರೆದಿಟ್ಟುಕೊ. ಆದರೆ ಅದೇ ಅಳತೆಯ ಅಕ್ಷರದಲ್ಲಿ ಪಾಠದ ಹಾಳೆ ತೆಗೆಯಲು ಆಗುತ್ತದೆಯೇ ಎಂದು ಮೇಡಂ ಹತ್ತಿರ ಕೇಳಿ ನೋಡು.

ಕ್ಷಮಿಸು ಎಂದು ಕೇಳುವ ಹಕ್ಕು ನನಗಿಲ್ಲ. ಸಮಾನ ಅಣ್ಣ ಎಂದು ಸಹಿ ಹಾಕುವ ಹಕ್ಕೂ ಇಲ್ಲ.

ನಟರಾಜ್


ತಿ. ನರಸೀಪುರ
12-12-2001

ಅಣ್ಣಾ,

ಮೂರು ದಿನ ಉತ್ತರ ಬರೆಯಬಾರದು ಎಂದು ಶಪಥ ಮಾಡಿದ್ದೆ. ಐದು ದಿನ ತಡೆದೆ.

ಊಟ ಬಿಟ್ಟದ್ದನ್ನು ಮರೆಯುತ್ತೇನೆ. ದೀಪಾವಳಿಯಲ್ಲಿ ಹೊಳೆಯ ದಂಡೆಯಲ್ಲಿ ಕೂತು ಅತ್ತದ್ದನ್ನು ನಿಧಾನವಾಗಿ ಮರೆಯುತ್ತೇನೆ. ಆದರೆ ಕೋಳಿ ಕೆರೆದ ಅಕ್ಷರ ಎಂದೆಯಲ್ಲ, ಅದನ್ನು ನಂಬಿ ದಿನಾ ಕಾಪಿ ಬರೆದೆನಲ್ಲ, ಅದನ್ನು ಮಾತ್ರ ನಿನ್ನ ಮಕ್ಕಳಿಗೂ ಹೇಳುತ್ತೇನೆ. ಚಿಕ್ಕಮ್ಮ ನಿನ್ನ ಕಾಗದ ಕೇಳಿ ಬಿಡದೆ ತಟ್ಟೆ ಬಡಿದಳು. ಸಾರು ಸೀದಿತೆಂದು ಓಡಿ ಬಂದೆ. “ಸಾರಲ್ಲ ಕಣಮ್ಮಿ, ಈ ಏಟು ನಿಮ್ಮಣ್ಣಂಗೆ” ಎಂದಳು.

ಇದರ ಜೊತೆ ಹನ್ನೊಂದು ಹಾಳೆ ಇದೆ. ಒಂದೊಂದರಲ್ಲಿ ಒಬ್ಬೊಬ್ಬ ಹೆಂಗಸಿನ ಹೆಸರು, ಹಾಳೆ ತುಂಬ. ಮೇಡಂ ಕಾಗದ ಕೊಟ್ಟರು, ಹದಿನಾರು ಜನರೂ ಸರದಿಯ ಮೇಲೆ ಹೊಡೆದರು. ಅವರು ಮೊದಲು ತಮ್ಮ ಹೆಸರು ಓದಲಿ ಅಣ್ಣಾ. ಎಚ್ಚರ ಆಮೇಲೆ ಓದಬಹುದು.

ನಿನ್ನ ಕರಪತ್ರವನ್ನು ಮೇಡಂ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದಾರೆ. ಹದಿನಾಲ್ಕು ತಪ್ಪು. ಕೊನೆಯಲ್ಲಿ ‘ಭಾಷೆ ಚೆನ್ನಾಗಿದೆ, ಬಂದು ನೋಡಿ ಮತ್ತೆ ಬರೆಯಿರಿ’ ಎಂದಿದ್ದಾರೆ.

ಈಗಲೂ ಒಂದು ಉಳಿದಿದೆ. ಅವ್ವ ನಿನ್ನನ್ನು ಬೈದಳು, ಸರಿ. ನನಗೆ ಏನೂ ಹೇಳಿಲ್ಲವಲ್ಲ? ಇರಲೋ ಬರಲೋ? ನೀನು ಬರೆದು ಕಳಿಸಬೇಡ. ನಿನ್ನ ಕೈಯಲ್ಲಿ ಬಂದರೆ ಇನ್ನು ನಂಬುವುದಿಲ್ಲ.

ಕೋಮಲ


ತಗಡೂರು
20-1-2002

ಕೋಮಲ,

ನಾನು ಅವ್ವ. ನಾನೇ ಬರೆದದ್ದು. ನಾಕು ದಿನ ಆಯ್ತು ಬರೆಯಕ್ಕೆ.

ನೀನು ಕಳಿಸಿದ ನನ್ನ ಹೆಸರು ಗೋಡೆಗೆ ಅಂಟಿಸಿವ್ನಿ. ಸಾಕಮ್ಮ. ಬಂದೋರೆಲ್ಲ ಓದ್ತಾರೆ. ಜವರಯ್ಯ ಮಾವ ಓದಕ್ಕೆ ಬರ್ದೆ ಇದ್ರೂ ಓದ್ದಂಗೆ ಮಾಡ್ತದೆ.

ನಿನ್ನ ಹಳೆ ಕಾಗದ ಎರಡೂ ನಟನ ಕೈಲಿ ಇಸ್ಕಂಡು ಪೆಟ್ಟಿಗೇಲಿ ಇಟ್ಟಿವ್ನಿ. ಕೈ ಬರಹ ಇನ್ನೂ ಓದಕ್ಕೆ ಬರಾಕಿಲ್ಲ. ಬತ್ತದೆ.

ನೀನು ಕೇಳಿದ್ದಕ್ಕೆ ಹೇಳ್ತೀನಿ. ಇರು. ಪೂರ್ತಿ ಕಲ್ತು ಬಾ. ಮೊದಲ್ನೇ ಸಲ ಕೇಳಿದ್ರೂ ಇದೇ ಹೇಳ್ತಿದ್ದೆ.

ಇನ್ನೊಂದು. ಮೊನ್ನೆ ನಟನ ಅಂಗಿ ಒಗೆಯಕ್ಕೆ ತಗಂಡೆ. ಜೇಬಲ್ಲಿ ನಿನ್ನ ಕಾಗದದಂಗೇ ಅಚ್ಚು ಹೊಡೆದ ಚೀಟಿ ಇತ್ತು. ಈಗ ಏನ್ ಸಿಕ್ಕಿದ್ರೂ ಓದ್ತೀನಲ್ಲ, ಓದ್ದೆ. ನಂಜನಗೂಡು, ಕಂಪ್ಯೂಟರ್ ತರಗತಿ, ಹೆಸರು ನಟರಾಜ್ ಅಂತ ಇತ್ತು. ಮಂಡೀಲಿ ಲೋಡು ಜಾಸ್ತಿ ಅಂತ ದಿನಾ ತಡ ಮಾಡ್ಕಂಡು ಬತ್ತಾನೆ. ಚೀಟಿ ಜೇಬಲ್ಲೇ ವಾಪಸ್ ಇಟ್ಟೆ. ಅವನಾಗೇ ಹೇಳಲಿ. ನೀನೂ ಏನೂ ಗೊತ್ತಿಲ್ಲದಂಗಿರು.

ಅದಕ್ಕೇ ಕವರ್ ಮೇಲಿನ ವಿಳಾಸನೂ ನಾನೇ ಬರೆದೆ. ಈ ಕಾಗದ ಚಿಕ್ಕಮ್ಮಂಗೆ ಓದಿ ಹೇಳ್ಬೇಡ. ಚಿಕ್ಕಪ್ಪಂಗೂ ಬೇಡ. ನೀನೊಬ್ಬಳೇ ಓದ್ಕೊ. ನಾನು ನಿನಗೊಬ್ಬಳಿಗೇ ಬರೆದದ್ದು.

ಸಾಕಮ್ಮ